ಲೆವಿನ್: ಅಳಿದ ಹೆಸರೊಂದು ಮರಳಿ ಬಂದ ಬಗೆ

ಇಂಗ್ಲಿಷರ ವ್ಯಕ್ತಿನಾಮಗಳಲ್ಲಿ ‘ಲೆವಿನ್’ ಎಂಬುದು ಅಪರೂಪದ ಹೆಸರು. ಜಾನ್, ವಿಲಿಯಂ, ಥಾಮಸ್, ಜಾರ್ಜ್ ಮೊದಲಾದವು ಇಂಗ್ಲೆಂಡಿನ ಊರೂರುಗಳಲ್ಲಿ ತಲೆಮಾರುಗಳಿಂದ ಕೇಳಿಬರುತ್ತಿದ್ದರೆ, ಲೆವಿನ್ ಎಂದು ಮಗುವಿಗೆ ಹೆಸರಿಡುವವರು ಅಲ್ಲೊಬ್ಬರು ಇಲ್ಲೊಬ್ಬರು ಮಾತ್ರ. ಈ ಹೆಸರು ಕಿವಿಗೆ ಬಿದ್ದರೆ ಅಲ್ಲಿನವರೂ ಅದನ್ನು ಮನೆತನದ ಹೆಸರೆಂದು ತಿಳಿಯುವುದೇ ಹೆಚ್ಚು. ಆದರೆ ಸಾವಿರ ವರ್ಷಗಳ ಹಿಂದೆ, ಫ್ರಾನ್ಸಿನ ನಾರ್ಮಂಡಿಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆಲ್ಲುವುದಕ್ಕೆ ಮುಂಚೆ, ಇದರ ಮೂಲರೂಪವು ಪ್ರಾಂತಾಧಿಪತಿಗಳಿಂದ ಹಿಡಿದು ನಾಣ್ಯ ಮುದ್ರಿಸುವ ಕಮ್ಮಟಿಗರವರೆಗೆ, ಸಣ್ಣ ಹಿಡುವಳಿದಾರರವರೆಗೆ ಎಲ್ಲ ವರ್ಗದವರಲ್ಲೂ ಬಳಕೆಯಲ್ಲಿತ್ತು. ಕರ್ನಾಟಕದ ಚರಿತ್ರೆಯನ್ನು ಓದಿದವರಿಗೆ ಈ ಹೆಸರು 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೆಂಥಾಮ್ ಬೌರಿಂಗ್ ಅವರ ಮೂಲಕ ಪರಿಚಿತವಾಗಿದೆ. ಅಷ್ಟೊಂದು ಸಾಮಾನ್ಯವಾಗಿದ್ದ ಹೆಸರು ಏಕೆ ಅಳಿಯಿತು, ಅಳಿದ ಮೇಲೂ ಹೇಗೆ ಮರಳಿ ಬಂದಿತು ಎಂಬುದನ್ನು ಅರಸುತ್ತ ಹೋದರೆ, ಹೆಸರಿನ ಏಳುಬೀಳಿಗೂ ಅದರ ಅರ್ಥಕ್ಕೂ ಇರುವ ಸಂಬಂಧ ಬಹಳ ಕಡಿಮೆಯೆಂಬುದು ಸ್ಪಷ್ಟವಾಗುತ್ತದೆ. ರಾಜಕೀಯ ಅಧಿಕಾರ, ಧರ್ಮ ಮತ್ತು ಮನೆತನದ ನೆನಪು ಎಂಬ ಮೂರು ಶಕ್ತಿಗಳೇ ಅದನ್ನು ನಿರ್ಧರಿಸಿವೆ. ಅದಕ್ಕಿಂತಲೂ ವಿಶೇಷವೆಂದರೆ, ಈ ಹೆಸರನ್ನು ಅಳಿಸಿದ ಕಾರಣವೇ ಅದನ್ನು ಉಳಿಸಿದ ಕಾರಣವೂ ಆಗಿದೆ.

ಎರಡು ಪದಗಳ ಕೂಡಿಕೆ

ಲೆವಿನ್ ಎಂಬುದು ಹಳೆಯ ಇಂಗ್ಲಿಷಿನ ‘ಲೆಯೋಫ್‌ವಿನೆ’ ಎಂಬ ಹೆಸರಿನ ಸವೆದ ರೂಪ. ಹಳೆಯ ಇಂಗ್ಲಿಷ್ ಎಂದರೆ ಸುಮಾರು 5ನೆಯ ಶತಮಾನದಿಂದ 11ನೆಯ ಶತಮಾನದವರೆಗೆ ಆಂಗ್ಲೋ-ಸ್ಯಾಕ್ಸನ್ ಜನರು ಆಡುತ್ತಿದ್ದ ಭಾಷೆ. ಇಂದಿನ ಇಂಗ್ಲಿಷಿಗೆ ಅದು ತಾಯಿನುಡಿಯಾದರೂ, ಇಂದಿನ ಓದುಗನಿಗೆ ಕಲಿಯದೆ ಅರ್ಥವಾಗದಷ್ಟು ಬೇರೆ. ಆ ಭಾಷೆಯಲ್ಲಿ ‘ಲೆಯೋಫ್’ ಎಂದರೆ ಪ್ರೀತಿಯ, ಅಚ್ಚುಮೆಚ್ಚಿನ. ‘ವಿನೆ’ ಎಂದರೆ ಗೆಳೆಯ. ಎರಡೂ ಕೂಡಿ ‘ಪ್ರಿಯಮಿತ್ರ’ ಎಂಬ ಅರ್ಥ ಹೊರಡುತ್ತದೆ. ಆದರೆ ಅಂದಿನ ಸಮಾಜದಲ್ಲಿ ವಿನೆ ಎಂಬ ಪದಕ್ಕೆ ಸಮಾನರ ನಡುವಿನ ಸ್ನೇಹಕ್ಕಿಂತ ಹಿರಿದಾದ ಅರ್ಥವೂ ಇತ್ತು. ತನ್ನ ಯೋಧರಿಗೆ ಉಂಬಳಿ, ಉಡುಗೊರೆಗಳನ್ನು ಕೊಟ್ಟು ಪೊರೆಯುವ ಒಡೆಯನನ್ನೂ ಕವಿಗಳು ಇದೇ ಪದದಿಂದ ಕರೆಯುತ್ತಿದ್ದರು; ‘ಚಿನ್ನದ ಗೆಳೆಯ’ ಎಂಬ ಸಮಾಸಕ್ಕೆ ಅವರ ಕಾವ್ಯದಲ್ಲಿ ಉದಾರಿಯಾದ ಒಡೆಯನೆಂದೇ ಅರ್ಥ. ಹೀಗಾಗಿ ಈ ಹೆಸರು ಹಳೆಯ ಕಾಲದವರ ಕಿವಿಗೆ ಒಲುಮೆ ಮತ್ತು ಆಶ್ರಯ ಎರಡನ್ನೂ ಸೂಚಿಸುತ್ತಿತ್ತು.

ಈ ಎರಡೂ ಪದಗಳ ಬೇರುಗಳು ಭಾರತೀಯರಿಗೆ ಪೂರ್ತಿ ಅಪರಿಚಿತವಲ್ಲ. ಇಂಗ್ಲಿಷ್ ಮತ್ತು ಸಂಸ್ಕೃತಗಳು ಒಂದೇ ಇಂಡೋ-ಯುರೋಪಿಯನ್ ಭಾಷಾಕುಟುಂಬಕ್ಕೆ ಸೇರಿರುವುದರಿಂದ, ಲೆಯೋಫ್ ಹುಟ್ಟಿದ ಬೇರಿನಿಂದಲೇ ಸಂಸ್ಕೃತದ ‘ಲುಭ್’ ಧಾತುವೂ ಬಂದಿದ್ದು, ಕನ್ನಡಕ್ಕೆ ಎರವಲಾಗಿ ಬಂದಿರುವ ‘ಲೋಭ’ ಎಂಬ ಪದ ಆ ಧಾತುವಿನದೇ ಆಗಿದೆ. ಬೇರಿನ ಮೂಲ ಅರ್ಥ ಬಯಕೆ, ಒಲವು. ಒಂದು ಕವಲಿನಲ್ಲಿ ಅದು ಪ್ರೀತಿಯಾಗಿ ಅರಳಿದರೆ ಇನ್ನೊಂದರಲ್ಲಿ ದುರಾಸೆಯಾಗಿ ಮುದುಡಿತು. ವಿನೆ ಎಂಬುದರ ಬೇರು ಸಂಸ್ಕೃತದಲ್ಲಿ ಬಯಸು, ಮೆಚ್ಚು ಎಂಬ ಅರ್ಥದ ‘ವನ್’ ಧಾತುವಾಗಿಯೂ, ಲ್ಯಾಟಿನ್ನಿನಲ್ಲಿ ಪ್ರೇಮದೇವತೆಯಾದ ವೀನಸ್ ಎಂಬ ಹೆಸರಾಗಿಯೂ ಉಳಿದಿದೆ.

ಆಂಗ್ಲೋ-ಸ್ಯಾಕ್ಸನ್ನರ ಗಣ್ಯ ಮನೆತನಗಳ ಹೆಸರುಗಳು ಬಹುಪಾಲು ಹೀಗೆ ಎರಡು ಘಟಕಗಳಿಂದ ಕೂಡಿದವಾಗಿದ್ದವು. ಮೊದಲ ಘಟಕಗಳ ಒಂದು ಪಟ್ಟಿ, ಎರಡನೆಯ ಘಟಕಗಳ ಇನ್ನೊಂದು ಪಟ್ಟಿ ಎಲ್ಲರ ನಾಲಗೆಯ ಮೇಲಿದ್ದು, ಇವುಗಳನ್ನು ಬೇರೆ ಬೇರೆ ಬಗೆಯಲ್ಲಿ ಜೋಡಿಸಿ ಪ್ರತಿ ಮಗುವಿಗೂ ಹೊಸ ಹೆಸರನ್ನು ಕಟ್ಟುತ್ತಿದ್ದರು. ಲೆಯೋಫ್ ಎಂಬುದಕ್ಕೆ ಆಳುವವನೆಂಬ ಅರ್ಥದ ‘ರಿಕ್’ ಸೇರಿದರೆ ಲೆಯೋಫ್ರಿಕ್, ಕಲ್ಲು ಎಂಬ ಅರ್ಥದ ‘ಸ್ಟಾನ್’ ಸೇರಿದರೆ ಲೆಯೋಫ್‌ಸ್ಟಾನ್, ಕೊಡುಗೆ ಎಂಬ ಅರ್ಥದ ‘ಗಿಫು’ ಸೇರಿದರೆ ಲೆಯೋಫ್‌ಗಿಫು ಎಂಬ ಹೆಣ್ಣು ಹೆಸರು. ಅದೇ ರೀತಿ ವಿನೆ ಎಂಬುದು ಕೊನೆಗೆ ಬಂದು ಸಿರಿವಂತಿಕೆಯ ಅರ್ಥದ ‘ಎಯಾಡ್’ ಜೊತೆ ಸೇರಿ ಎಡ್ವಿನ್, ದೇವರೆಂಬ ಅರ್ಥದ ‘ಗಾಡ್’ ಜೊತೆ ಸೇರಿ ಗಾಡ್ವಿನ್ ಆಯಿತು. ಕುಟುಂಬದೊಳಗೆ ಒಂದು ಘಟಕವನ್ನು ಉಳಿಸಿಕೊಂಡು ಇನ್ನೊಂದನ್ನು ಬದಲಿಸುವುದು ರೂಢಿಯಾಗಿದ್ದರಿಂದ ಹೆಸರೇ ರಕ್ತಸಂಬಂಧದ ಗುರುತಾಗಿತ್ತು. ಬನವಾಸಿಯ ಕದಂಬರಲ್ಲಿ ಕಾಕುಸ್ಥವರ್ಮ, ಶಾಂತಿವರ್ಮ, ಮೃಗೇಶವರ್ಮ, ರವಿವರ್ಮ, ಹರಿವರ್ಮ ಎಂದು ಉತ್ತರಪದ ಒಂದೇ ಆಗಿ ಪೂರ್ವಪದ ಬದಲಾಗುತ್ತ ಹೋದ ಕ್ರಮವನ್ನು ನೆನೆದರೆ ಈ ಪದ್ಧತಿ ಕನ್ನಡ ಓದುಗರಿಗೆ ಸುಲಭವಾಗಿ ಮನದಟ್ಟಾಗುತ್ತದೆ.

ಗೆಲುವಿಗೆ ಮುಂಚಿನ ಲೆಯೋಫ್‌ವಿನೆಗಳು

10 ಮತ್ತು 11ನೆಯ ಶತಮಾನಗಳ ಇಂಗ್ಲೆಂಡಿನಲ್ಲಿ ಈ ಹೆಸರನ್ನು ಹೊತ್ತವರು ಅನೇಕರು. ಅವರಲ್ಲಿ ಮೊದಲಿಗೆ ಹೇಳಬೇಕಾದವನು 994ರ ಹೊತ್ತಿಗೆ ಪಶ್ಚಿಮ ಮಧ್ಯಭಾಗದ ಹ್ವಿಚೆ ಪ್ರಾಂತಕ್ಕೆ ‘ಎಯಾಲ್ಡರ್‌ಮನ್’ ಆಗಿದ್ದ ಲೆಯೋಫ್‌ವಿನೆ. ಎಯಾಲ್ಡರ್‌ಮನ್ ಎಂದರೆ ದೊರೆಯ ಪರವಾಗಿ ಪ್ರಾಂತವನ್ನು ಆಳುವ ಅಧಿಕಾರಿ. ಅವನ ಮಕ್ಕಳ ಹೆಸರುಗಳಲ್ಲಿ ಮೇಲೆ ವಿವರಿಸಿದ ಪದ್ಧತಿ ಕಣ್ಣಿಗೆ ಕಟ್ಟುವಂತಿದೆ: ಒಬ್ಬನಿಗೆ ತಂದೆಯ ಹೆಸರಿನ ಮೊದಲ ಘಟಕ ಸಿಕ್ಕಿ ಲೆಯೋಫ್ರಿಕ್ ಎಂದಾಯಿತು, ಮತ್ತಿಬ್ಬರಿಗೆ ಎರಡನೆಯ ಘಟಕ ಸಿಕ್ಕಿ ಎಡ್ವಿನ್, ಗಾಡ್ವಿನ್ ಎಂದಾಯಿತು. ಈ ಲೆಯೋಫ್ರಿಕ್ ಮುಂದೆ ಮರ್ಸಿಯಾದ ಅರ್ಲ್ (ಎಯಾಲ್ಡರ್‌ಮನ್ ಪದವಿಗೆ ಮುಂದೆ ಬಂದ ಹೆಸರು) ಆಗಿ 1057ರಲ್ಲಿ ತೀರಿಕೊಂಡನು; ಇವನ ಹೆಂಡತಿಯೇ ಕವೆಂಟ್ರಿ ನಗರದ ದಂತಕಥೆಯ ನಾಯಕಿಯಾಗಿ ಲೋಕಪ್ರಸಿದ್ಧಳಾಗಿರುವ ಗೊಡೈವಾ.

ಇನ್ನೊಬ್ಬ ಲೆಯೋಫ್‌ವಿನೆ ಇಂಗ್ಲೆಂಡಿನ ಚರಿತ್ರೆಯ ಅತ್ಯಂತ ನಿರ್ಣಾಯಕ ದಿನದಂದು ರಣರಂಗದಲ್ಲಿದ್ದವನು. ವೆಸೆಕ್ಸಿನ ಅರ್ಲ್ ಆಗಿದ್ದ ಗಾಡ್ವಿನ್ನನಿಗೆ ಡೆನ್ಮಾರ್ಕಿನ ಗ್ಯುಥಾ ಎಂಬ ಹೆಂಡತಿಯಲ್ಲಿ ಹುಟ್ಟಿದ ಮಕ್ಕಳಲ್ಲಿ ಸ್ವೇನ್, ಹೆರಾಲ್ಡ್, ಟಾಸ್ಟಿಗ್, ಗಿರ್ತ್ ಎಂಬವರಿಗೆ ತಾಯಿಯ ಕಡೆಯ ಸ್ಕ್ಯಾಂಡಿನೇವಿಯನ್ ಹೆಸರುಗಳಿದ್ದರೆ, ಲೆಯೋಫ್‌ವಿನೆ ಎಂಬ ಮಗನಿಗೆ ಮಾತ್ರ ತಂದೆಯ ಹೆಸರಿನ ಉತ್ತರಪದ ಬಂದಿತ್ತು. ಲಂಡನ್ನಿನ ಸುತ್ತಮುತ್ತಲ ಆಗ್ನೇಯ ಭಾಗದ ಅರ್ಲ್ ಆಗಿದ್ದ ಇವನು, ಅಣ್ಣ ಹೆರಾಲ್ಡ್ ದೊರೆಯಾದ ವರ್ಷವೇ, 1066ರ ಅಕ್ಟೋಬರ್ 14ರಂದು, ನಾರ್ಮನ್ನರ ವಿರುದ್ಧದ ಹೇಸ್ಟಿಂಗ್ಸ್ ಯುದ್ಧದಲ್ಲಿ ಅಣ್ಣನ ಜೊತೆಗೇ ಮಡಿದನು. ನಾರ್ಮನ್ನರ ಗೆಲುವನ್ನು ಕಸೂತಿಯಲ್ಲಿ ಚಿತ್ರಿಸಿರುವ ಸುಮಾರು 70 ಮೀಟರ್ ಉದ್ದದ ಬೇಯೋ ಪಟದಲ್ಲಿ ಅವನ ಸಾವಿನ ದೃಶ್ಯವಿದ್ದು, ಅದರ ಮೇಲಿನ ಲ್ಯಾಟಿನ್ ಬರಹದಲ್ಲಿ ಅವನ ಹೆಸರು ‘ಲೆವಿನೆ’ ಎಂಬ ರೂಪದಲ್ಲಿದೆ. ಎರಡು ಘಟಕಗಳ ನಡುವಿನ ‘ಫ’ ಧ್ವನಿ ಮೊದಲು ‘ವ’ಕಾರದ ಕಡೆಗೆ ಜಾರಿ, ಮುಂದಿನ ವಕಾರದಲ್ಲಿ ಕರಗಿಹೋದುದನ್ನು ಈ ಬರಹ ತೋರಿಸುತ್ತದೆ; ಮುಂದೆ ಕೊನೆಯ ಸ್ವರವೂ ಉದುರಿದಾಗ ಇಂದಿನ ಲೆವಿನ್ ರೂಪ ಸಿದ್ಧವಾಯಿತು. ಇಂಗ್ಲಿಷರು ಈಗ ಇದನ್ನು ‘ಲೂಯಿನ್’ ಎಂಬುದಕ್ಕೆ ಹತ್ತಿರವಾಗಿ ಉಚ್ಚರಿಸುತ್ತಾರಾದರೂ, ಕನ್ನಡ ಬರಹಗಳಲ್ಲಿ ಲೆವಿನ್ ಎಂಬುದೇ ನೆಲೆನಿಂತಿದೆ.

ನಾರ್ಮನ್ನರ ಮುಖಂಡನಾಗಿ ಗೆದ್ದ ವಿಲಿಯಂ ದೊರೆಯು 1086ರಲ್ಲಿ ಮಾಡಿಸಿದ ಭೂದಾಖಲೆಯಾದ ‘ಡೂಮ್ಸ್‌ಡೇ ಬುಕ್’ ಎಂಬ ಗ್ರಂಥದಲ್ಲಿ, ಗೆಲುವಿಗೆ ಮುಂಚೆ ಜಮೀನು ಹೊಂದಿದ್ದವರ ಹೆಸರುಗಳ ನಡುವೆ ಲೆಯೋಫ್‌ವಿನೆಯ ರೂಪಗಳು ಮತ್ತೆ ಮತ್ತೆ ಬರುತ್ತವೆ. ಆಂಗ್ಲೋ-ಸ್ಯಾಕ್ಸನ್ ನಾಣ್ಯಗಳ ಹಿಂಬದಿಯಲ್ಲಿ ಅವನ್ನು ಮುದ್ರಿಸಿದ ಕಮ್ಮಟಿಗನ ಹೆಸರೂ ಊರಿನ ಹೆಸರೂ ಇರುತ್ತಿದ್ದವು. ಗೆಲುವಿಗೆ ಮುಂಚೆ ಆಳಿದ ಕ್ನೂಟ್ ಮತ್ತು ಎಡ್ವರ್ಡ್ ದೊರೆಗಳ ಕಾಲದ ನಾಣ್ಯಗಳಲ್ಲಿ ಲೆಯೋಫ್‌ವಿನೆ ಎಂಬ ಹೆಸರಿನ ಕಮ್ಮಟಿಗರು ಒಂದಕ್ಕಿಂತ ಹೆಚ್ಚು ಊರುಗಳಲ್ಲಿ ಕಾಣಿಸಿಕೊಳ್ಳುತ್ತಾರೆ.

ಗೆದ್ದವರ ಹೆಸರುಗಳ ಮುಂದೆ

ಹೇಸ್ಟಿಂಗ್ಸ್ ಯುದ್ಧವಾದ ಮೇಲೆ ಇಂಗ್ಲೆಂಡಿನ ಹಳೆಯ ಭೂಮಾಲೀಕ ವರ್ಗ ಒಂದೇ ತಲೆಮಾರಿನಲ್ಲಿ ಹೆಚ್ಚುಕಡಿಮೆ ಪೂರ್ತಿಯಾಗಿ ಸ್ಥಾನ ಕಳೆದುಕೊಂಡು, ಆ ಜಾಗಕ್ಕೆ ವಿಲಿಯಂ, ರಾಬರ್ಟ್, ರಿಚರ್ಡ್, ಹೆನ್ರಿ, ಹ್ಯೂ ಎಂಬ ಹೆಸರುಗಳ ನಾರ್ಮನ್ನರು ಬಂದರು. ಹೆಸರು ಬದಲಿಸಿಕೊಳ್ಳಬೇಕೆಂದು ಯಾವ ಅಪ್ಪಣೆಯೂ ಹೊರಡಲಿಲ್ಲ. ಆದರೂ ಅಧಿಕಾರ ಯಾರ ಕೈಯಲ್ಲಿದೆಯೋ ಅವರ ಹೆಸರುಗಳಿಗೆ ಗೌರವ ಬಂದಿತು. ವಿಂಚೆಸ್ಟರ್ ನಗರದಲ್ಲಿ ಸುಮಾರು 1110ರಲ್ಲಿ ಮತ್ತು 1148ರಲ್ಲಿ ನಡೆದ ಎರಡು ಸಮೀಕ್ಷೆಗಳನ್ನು ಎಡ್ವರ್ಡ್ ದೊರೆಯ ಕಾಲದ ವಿವರಗಳೊಂದಿಗೆ ಹೋಲಿಸಿದರೆ, ಅಲ್ಲಿನ ನಿವಾಸಿಗಳಲ್ಲಿ ಇಂಗ್ಲಿಷ್ ಹೆಸರಿನವರು ಹಂತಹಂತವಾಗಿ ಕಡಿಮೆಯಾಗುತ್ತ ಹೋದುದು ತಿಳಿಯುತ್ತದೆ. ತಂದೆಗೆ ಇಂಗ್ಲಿಷ್ ಹೆಸರು, ಮಗನಿಗೆ ನಾರ್ಮನ್ ಹೆಸರು ಎಂಬ ಸ್ಥಿತಿ 12ನೆಯ ಶತಮಾನದ ದಾಖಲೆಗಳಲ್ಲಿ ಸಾಮಾನ್ಯ.

ಈ ಬದಲಾವಣೆಯ ಹಿಂದಿದ್ದ ಸಾಮಾಜಿಕ ಒತ್ತಡ ಎಂಥದು ಎಂಬುದಕ್ಕೆ 1193ರಲ್ಲಿ ತೀರಿಕೊಂಡ ಸಂತ ಬಾರ್ತಲೋಮ್ಯೂವಿನ ಜೀವನವೇ ಸಾಕ್ಷಿ. ಉತ್ತರ ಇಂಗ್ಲೆಂಡಿನ ವ್ಹಿಟ್ಬಿಯಲ್ಲಿ ಹುಟ್ಟಿದ ಅವನಿಗೆ ತಂದೆತಾಯಿಗಳು ಟಾಸ್ಟಿಗ್ ಎಂಬ ಹಳೆಯ ಕಾಲದ ಹೆಸರಿಟ್ಟಿದ್ದರು. ಓರಗೆಯ ಹುಡುಗರು ಆ ಹೆಸರನ್ನು ಆಡಿಕೊಂಡು ನಗತೊಡಗಿದಾಗ ಮನೆಯವರು ಅದನ್ನು ವಿಲಿಯಂ ಎಂದು ಬದಲಿಸಿದರು. ಸನ್ಯಾಸ ಸ್ವೀಕರಿಸಿದ ಮೇಲೆ ಬಾರ್ತಲೋಮ್ಯೂ ಎಂಬ ಮೂರನೆಯ ಹೆಸರು ಬಂದಿತು. ಗೆಲುವಿಗೆ ಮುಂಚೆ ಅರ್ಲ್ ಒಬ್ಬನ ಹೆಸರಾಗಿದ್ದುದು ಎರಡು ಮೂರು ತಲೆಮಾರುಗಳಲ್ಲೇ ಮಕ್ಕಳ ಗೇಲಿಗೆ ವಸ್ತುವಾಯಿತೆಂದರೆ, ಲೆಯೋಫ್‌ವಿನೆಯಂಥ ಹೆಸರುಗಳಿಗೆ ಒದಗಿದ ಗತಿಯನ್ನು ಊಹಿಸುವುದು ಕಷ್ಟವಲ್ಲ.

ಆದರೂ ಕೆಲವು ಆಂಗ್ಲೋ-ಸ್ಯಾಕ್ಸನ್ ಹೆಸರುಗಳು ಈ ಪ್ರವಾಹದಲ್ಲಿ ಕೊಚ್ಚಿಹೋಗಲಿಲ್ಲ. ಅವುಗಳಿಗೆ ಧರ್ಮದ ಬೆಂಬಲ ಸಿಕ್ಕಿದ್ದೇ ಅದಕ್ಕೆ ಕಾರಣ. ಎಡ್ವರ್ಡ್ ದೊರೆಯನ್ನು 1161ರಲ್ಲಿ ಚರ್ಚು ಸಂತನೆಂದು ಘೋಷಿಸಿತು; ಅವನಲ್ಲಿ ವಿಶೇಷ ಭಕ್ತಿಯಿದ್ದ ಮೂರನೆಯ ಹೆನ್ರಿ 1239ರಲ್ಲಿ ಹುಟ್ಟಿದ ತನ್ನ ಹಿರಿಯ ಮಗನಿಗೆ ಎಡ್ವರ್ಡ್ ಎಂದೂ, 1245ರಲ್ಲಿ ಹುಟ್ಟಿದ ಕಿರಿಯ ಮಗನಿಗೆ ಇನ್ನೊಬ್ಬ ಸಂತದೊರೆಯ ನೆನಪಿನಲ್ಲಿ ಎಡ್ಮಂಡ್ ಎಂದೂ ಹೆಸರಿಟ್ಟನು. ಅಲ್ಲಿಂದ ಮುಂದೆ ಆ ಎರಡು ಹೆಸರುಗಳು ರಾಜಮನೆತನದ ಆಸ್ತಿಯಾಗಿ ಎಲ್ಲರ ಮನೆಗೂ ಹರಡಿದವು. ಲೆಯೋಫ್‌ವಿನೆಗೆ ಇಂಗ್ಲೆಂಡಿನಲ್ಲಿ ಅಂಥ ಸಂತದೊರೆಯ ನೆರಳು ಇರಲಿಲ್ಲ. ಪ್ರಿಯಮಿತ್ರ ಎಂಬ ಸೊಗಸಾದ ಅರ್ಥವು ಅದನ್ನು ಕಾಪಾಡಲಿಲ್ಲ. 13ನೆಯ ಶತಮಾನ ಮುಗಿಯುವ ಹೊತ್ತಿಗೆ ಅದು ವ್ಯಕ್ತಿನಾಮವಾಗಿ ಬಹುಮಟ್ಟಿಗೆ ಬಳಕೆ ತಪ್ಪಿತ್ತು.

ಮನೆತನದ ಹೆಸರೆಂಬ ಆಸರೆ

ನಾರ್ಮನ್ನರ ಹೆಸರುಗಳು ಹರಡಿದ್ದರಿಂದ ಇನ್ನೊಂದು ಅನಿರೀಕ್ಷಿತ ಪರಿಣಾಮವೂ ಉಂಟಾಯಿತು. ಆಂಗ್ಲೋ-ಸ್ಯಾಕ್ಸನ್ ಪದ್ಧತಿಯಲ್ಲಿ ಘಟಕಗಳನ್ನು ಜೋಡಿಸಿ ಸಾವಿರಾರು ಹೆಸರುಗಳನ್ನು ಕಟ್ಟಬಹುದಾಗಿದ್ದುದರಿಂದ ಒಂದು ಊರಿನಲ್ಲಿ ಒಂದೇ ಹೆಸರಿನವರು ಹೆಚ್ಚಾಗಿ ಇರುತ್ತಿರಲಿಲ್ಲ. ನಾರ್ಮನ್ನರ ಪದ್ಧತಿಯಲ್ಲಿ ಸಿದ್ಧವಾಗಿದ್ದ ಕೆಲವೇ ಹೆಸರುಗಳನ್ನು ಎಲ್ಲರೂ ಇಟ್ಟುಕೊಳ್ಳುತ್ತಿದ್ದರು. 12ನೆಯ ಶತಮಾನದ ಉತ್ತರಾರ್ಧದಲ್ಲಿ ಎರಡನೆಯ ಹೆನ್ರಿಯ ಮಗನಾದ ಯುವರಾಜನು ನಾರ್ಮಂಡಿಯಲ್ಲಿ ಏರ್ಪಡಿಸಿದ್ದ ಕ್ರಿಸ್‌ಮಸ್ ಔತಣಕ್ಕೆ ವಿಲಿಯಂ ಎಂಬ ಹೆಸರಿನ ನೂರಕ್ಕೂ ಹೆಚ್ಚು ಯೋಧರು ಬಂದಿದ್ದರೆಂದೂ, ಅವರೆಲ್ಲ ಒಂದು ಕೋಣೆಯಲ್ಲಿ ಸೇರಿ ವಿಲಿಯಂ ಅಲ್ಲದವರಿಗೆ ಅಲ್ಲಿ ಊಟಕ್ಕೆ ಎಡೆ ಕೊಡಲಿಲ್ಲವೆಂದೂ ಆ ಕಾಲದ ಚರಿತ್ರಕಾರ ರಾಬರ್ಟ್ ಆಫ್ ಟೊರಿಗ್ನಿ ದಾಖಲಿಸಿದ್ದಾನೆ. 14ನೆಯ ಶತಮಾನದ ವೇಳೆಗೆ ಜಾನ್, ವಿಲಿಯಂ, ರಾಬರ್ಟ್, ರಿಚರ್ಡ್, ಥಾಮಸ್ ಎಂಬ ಐದಾರು ಹೆಸರುಗಳೇ ಇಂಗ್ಲೆಂಡಿನ ಗಂಡಸರಲ್ಲಿ ಬಹುಸಂಖ್ಯಾತರಿಗೆ ಸಾಕಾಗಿದ್ದವು.

ಇಂಥ ಸನ್ನಿವೇಶದಲ್ಲಿ ತೆರಿಗೆಯ ಲೆಕ್ಕವನ್ನಾಗಲಿ, ಜಮೀನಿನ ಹಕ್ಕನ್ನಾಗಲಿ, ನ್ಯಾಯಾಲಯದ ತೀರ್ಪನ್ನಾಗಲಿ ಬರೆದಿಡುವ ಗುಮಾಸ್ತನಿಗೆ ಒಬ್ಬ ವಿಲಿಯಂನನ್ನು ಇನ್ನೊಬ್ಬನಿಂದ ಬೇರ್ಪಡಿಸುವ ದಾರಿ ಬೇಕಾಯಿತು. ಅದಕ್ಕಾಗಿ ವ್ಯಕ್ತಿಯ ಊರು, ಕಸುಬು, ಮೈಬಣ್ಣ ಅಥವಾ ತಂದೆಯ ಹೆಸರನ್ನು ಜೊತೆಗೆ ಬರೆಯುವ ರೂಢಿ ಬೆಳೆದು, ಅದು ಕ್ರಮೇಣ ಮಕ್ಕಳಿಗೆ, ಮೊಮ್ಮಕ್ಕಳಿಗೆ ವಂಶಪಾರಂಪರ್ಯವಾಗಿ ಇಳಿದು ಮನೆತನದ ಹೆಸರಾಯಿತು. ಉತ್ತರ ಕರ್ನಾಟಕದವರು ಅಡ್ಡಹೆಸರು ಎಂದು ಕರೆಯುವುದು ಇದನ್ನೇ. ಲೆವಿನ್ ಎಂಬ ಹಿರಿಯನಿದ್ದ ಮನೆಯವರಿಗೆ ಅವನ ಹೆಸರೇ ಗುರುತಾಗಿ ಅಂಟಿಕೊಂಡಿತು. ಮಕ್ಕಳು ಜಾನ್ ಆದರು, ಥಾಮಸ್ ಆದರು. ಆದರೆ ಜಾನ್ ಲೆವಿನ್ ಆದರು, ಥಾಮಸ್ ಲೆವಿನ್ ಆದರು. ಹೆಸರುಗಳ ವೈವಿಧ್ಯ ಕುಸಿದದ್ದರಿಂದ ಮನೆತನದ ಹೆಸರುಗಳು ಬೇಕಾದವು. ಹಾಗೆ ಹುಟ್ಟಿದ ಮನೆತನದ ಹೆಸರುಗಳೇ ಕುಸಿತದಲ್ಲಿ ಕಳೆದುಹೋಗಲಿದ್ದ ಹಳೆಯ ಹೆಸರುಗಳಿಗೆ ಆಸರೆಯಾದವು. ಗಾಡ್ವಿನ್, ಹಾರ್ಡಿಂಗ್, ಆಲ್ಡಸ್ ಮೊದಲಾದ ಹಳೆಯ ಹೆಸರುಗಳೂ ಇದೇ ದಾರಿಯಲ್ಲಿ ಉಳಿದುಬಂದಿವೆ.

ಲೆವಿನ್ ಮನೆತನದ ಹೆಸರಿನವರು ಇಂಗ್ಲೆಂಡಿನಿಂದ ದೂರದ ನಾಡುಗಳಿಗೂ ಹೋದರು. 1800ರಲ್ಲಿ ಸಿಡ್ನಿಗೆ ಬಂದ ಜಾನ್ ವಿಲಿಯಂ ಲೆವಿನ್ ಎಂಬ ಚಿತ್ರಕಾರನು ಆಸ್ಟ್ರೇಲಿಯಾದ ಹಕ್ಕಿಗಳನ್ನು ಚಿತ್ರಿಸಿ 1813ರಲ್ಲಿ ಅಲ್ಲಿಯೇ ಅಚ್ಚುಹಾಕಿಸಿದ ಗ್ರಂಥವು ಆ ಖಂಡದಲ್ಲಿ ಮುದ್ರಣವಾದ ಮೊದಲ ಸಚಿತ್ರ ಗ್ರಂಥವೆಂದು ಹೆಸರಾಗಿದೆ. ಜೇನು ಹೀರುವ ಒಂದು ಹಕ್ಕಿಗೂ ಜೌಗುನೆಲದ ಇನ್ನೊಂದು ಹಕ್ಕಿಗೂ ವಿಜ್ಞಾನಿಗಳು ಅವನ ಹೆಸರನ್ನೇ ಇಟ್ಟಿದ್ದಾರೆ. ಭಾರತದ ಈಶಾನ್ಯ ಗಡಿಯಲ್ಲಿ ಚಿತ್ತಗಾಂಗ್ ಗುಡ್ಡಗಾಡಿನ ಆಡಳಿತಗಾರನಾಗಿದ್ದ ಥಾಮಸ್ ಹರ್ಬರ್ಟ್ ಲೆವಿನ್ 1874ರಲ್ಲಿ ಲುಷಾಯಿ ನುಡಿಯ ಕಲಿಕೆಯ ಪುಸ್ತಕವನ್ನು ಹೊರತಂದನು. ಮಿಜೋ ಜನರು ಅವನನ್ನು ತಮ್ಮದೇ ನುಡಿಯಲ್ಲಿ ‘ಥಾಂಗ್ಲಿಯಾನಾ’ ಎಂದು ಕರೆದು ಇಂದಿಗೂ ನೆನೆಯುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಇದೇ ಅಕ್ಷರಗಳಲ್ಲಿ ಬರೆಯುವ ಲೆವಿನ್ ಎಂಬ ಯಹೂದಿ ಮನೆತನದ ಹೆಸರು ಬೇರೆಯೇ ಆಗಿದ್ದು, ಅದು ಬೈಬಲ್ಲಿನ ಲೇವಿ ಎಂಬ ಕುಲದ ಹೆಸರಿನಿಂದ ಬಂದಿದೆ. ಸಮೂಹಗಳ ನಡವಳಿಕೆಯ ಅಧ್ಯಯನಕ್ಕೆ ಅಡಿಪಾಯ ಹಾಕಿದ ಮನೋವಿಜ್ಞಾನಿ ಕರ್ಟ್ ಲೆವಿನ್ ಅವರ ಮನೆತನದ ಹೆಸರು ಈ ಎರಡನೆಯ ಬಗೆಯದು. ಕಾಗುಣಿತ ಒಂದೇ ಇದ್ದ ಮಾತ್ರಕ್ಕೆ ಮೂಲವೂ ಒಂದೇ ಎಂದು ಹೇಳಲಾಗದು. ಆಯಾ ಕುಟುಂಬದ ಚರಿತ್ರೆಯೇ ಇದನ್ನು ತೀರ್ಮಾನಿಸಬೇಕು.

ತಾಯಿಯ ತವರಿನಿಂದ ಮಗನ ಹೆಸರಿಗೆ

ಮನೆತನದ ಹೆಸರು ಮತ್ತೆ ವ್ಯಕ್ತಿಯ ಹೆಸರಾಗುವುದು ಇಂಗ್ಲೆಂಡಿನಲ್ಲಿ 16ನೆಯ ಶತಮಾನದಿಂದ ಬೆಳೆದುಬಂದ ವಿಶಿಷ್ಟ ರೂಢಿ. ಧರ್ಮಸುಧಾರಣೆಯ ನಂತರ ಸಂತರ ಹೆಸರುಗಳನ್ನೇ ಇಡಬೇಕೆಂಬ ಒತ್ತಾಯ ಸಡಿಲವಾದಾಗ, ಭೂಮಾಲೀಕ ಕುಟುಂಬಗಳು ದೀಕ್ಷಾಪಿತನ ಅಥವಾ ತಾಯಿಯ ಮನೆತನದ ಹೆಸರನ್ನು ಮಗುವಿಗೆ ಇಡತೊಡಗಿದವು. ದೀಕ್ಷಾಪಿತನೆಂದರೆ ಕ್ರೈಸ್ತ ನಾಮಕರಣದ ವೇಳೆ ಮಗುವಿನ ಪರವಾಗಿ ನಿಂತು ಹೊಣೆ ಹೊರುವ ಹಿರಿಯ. 1554ರಲ್ಲಿ ಹೆಂಡತಿ ಲೇಡಿ ಜೇನ್ ಗ್ರೇಯೊಂದಿಗೆ ಮರಣದಂಡನೆಗೆ ಗುರಿಯಾದ ಗಿಲ್ಡ್‌ಫರ್ಡ್ ಡಡ್ಲಿಯ ಹೆಸರು ಅವನ ತಾಯಿ ಜೇನ್ ಗಿಲ್ಡ್‌ಫರ್ಡಳ ತವರಿನದು. ವಿದ್ವಾಂಸ ವಿಲಿಯಂ ಕ್ಯಾಮ್ಡೆನ್ 1605ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿಯೇ ಈ ರೂಢಿಯನ್ನು ಗುರುತಿಸಿ ಬರೆದಿದ್ದಾನೆ. ಮುಂದೆ ಸಿಡ್ನಿ, ಹೋವರ್ಡ್, ಸ್ಟ್ಯಾನ್ಲಿ, ಪರ್ಸಿ ಮೊದಲಾದವು ಇದೇ ದಾರಿಯಲ್ಲಿ ಮನೆತನದ ಹೆಸರುಗಳಾಗಿದ್ದು ವ್ಯಕ್ತಿನಾಮಗಳಾದವು.

ಮೈಸೂರಿನ ಕಮಿಷನರ್ ಬೌರಿಂಗ್ ಅವರ ಪೂರ್ಣನಾಮವನ್ನು ಈ ಹಿನ್ನೆಲೆಯಲ್ಲಿ ಓದಿದರೆ ಅದು ಒಂದು ಕುಟುಂಬದ ಚರಿತ್ರೆಯನ್ನೇ ತೆರೆದಿಡುತ್ತದೆ. ಅವರ ತಂದೆ ಸರ್ ಜಾನ್ ಬೌರಿಂಗ್ (1792–1872) ಎಕ್ಸೆಟರ್ ನಗರದವರು. ಅನೇಕ ಭಾಷೆಗಳನ್ನು ಬಲ್ಲವರು, ಮುಂದೆ ಹಾಂಗ್‌ಕಾಂಗಿನ ಗವರ್ನರ್ ಆದವರು, ತತ್ತ್ವಜ್ಞಾನಿ ಜೆರೆಮಿ ಬೆಂಥಾಮರ ಆಪ್ತರಾಗಿ ಅವರ ಬರಹಗಳನ್ನು ಸಂಪಾದಿಸಿದವರು. ತಾಯಿ ಮರಿಯಾ, ಹ್ಯಾಕ್ನಿಯ ಸ್ಯಾಮ್ಯುಯೆಲ್ ಲೆವಿನ್ ಅವರ ಮಗಳು. 1824ರಲ್ಲಿ ಹುಟ್ಟಿದ ಮಗನ ಹೆಸರಿನಲ್ಲಿ ತಾಯಿಯ ತವರಿನಿಂದ ಲೆವಿನ್, ತಂದೆಯ ಗುರುಸಮಾನ ಗೆಳೆಯನಿಂದ ಬೆಂಥಾಮ್, ತಂದೆಯ ವಂಶದಿಂದ ಬೌರಿಂಗ್ ಎಂದು ಮೂರು ಸಂಬಂಧಗಳು ಸಾಲಾಗಿ ನಿಂತಿವೆ. 1826ರಲ್ಲಿ ಹುಟ್ಟಿದ ತಮ್ಮನಿಗೆ ಎಡ್ಗರ್ ಆಲ್ಫ್ರೆಡ್ ಎಂದು ಹೆಸರಿಟ್ಟರು. ಎಡ್ಗರ್ ಮತ್ತು ಆಲ್ಫ್ರೆಡ್ ಇಬ್ಬರೂ ಆಂಗ್ಲೋ-ಸ್ಯಾಕ್ಸನ್ ದೊರೆಗಳು. 19ನೆಯ ಶತಮಾನದಲ್ಲಿ ಇಂಗ್ಲಿಷರು ತಮ್ಮ ಹಳೆಯ ಚರಿತ್ರೆಯನ್ನು ಹೆಮ್ಮೆಯಿಂದ ಮರಳಿ ಓದತೊಡಗಿದಾಗ, 1819ರಲ್ಲಿ ಪ್ರಕಟವಾದ ವಾಲ್ಟರ್ ಸ್ಕಾಟನ ‘ಐವನ್‌ಹೋ’ದಂಥ ಕಾದಂಬರಿಗಳು ಆ ಆಸಕ್ತಿಯನ್ನು ಬೆಳೆಸಿದಾಗ, ಇಂಥ ದೊರೆಗಳ ಹೆಸರುಗಳು ಪುಸ್ತಕದ ಪುಟಗಳಿಂದ ನೇರವಾಗಿ ತೊಟ್ಟಿಲಿಗೆ ಬಂದವು. ಹೀಗೆ ಒಂದೇ ಮನೆಯ ಅಣ್ಣತಮ್ಮಂದಿರ ಹೆಸರುಗಳಲ್ಲಿ ಹಳೆಯ ಇಂಗ್ಲಿಷ್ ಹೆಸರು ಮರಳಿ ಬರುವ ಎರಡು ದಾರಿಗಳೂ ಕಾಣಸಿಗುತ್ತವೆ: ತಮ್ಮನದು ಚರಿತ್ರೆಯ ಓದಿನಿಂದ ಜೀವತಳೆದದ್ದು, ಅಣ್ಣನದು ರಕ್ತಸಂಬಂಧದ ಮೂಲಕ ಹರಿದುಬಂದದ್ದು. ಬೌರಿಂಗ್ ಮನೆತನದ ಊರಾದ ಎಕ್ಸೆಟರಿಗೆ 1050ರಲ್ಲಿ ಮೊದಲ ಬಿಷಪ್ ಆಗಿ ಬಂದು, ಹಳೆಯ ಇಂಗ್ಲಿಷ್ ಕಾವ್ಯದ ಅಮೂಲ್ಯ ಹಸ್ತಪ್ರತಿಯನ್ನು ಅಲ್ಲಿನ ಚರ್ಚಿಗೆ ಕೊಟ್ಟವನ ಹೆಸರು ಲೆಯೋಫ್ರಿಕ್ ಎಂಬುದೂ, ಒಡೆಯನನ್ನು ಚಿನ್ನದ ಗೆಳೆಯನೆಂದು ಕರೆಯುವ ಕವಿತೆ ಆ ಹಸ್ತಪ್ರತಿಯಲ್ಲೇ ಉಳಿದಿದೆ ಎಂಬುದೂ ಇಲ್ಲಿ ನೆನೆಯತಕ್ಕ ಸಂಗತಿಗಳು.

ಲೆವಿನ್ ಬೌರಿಂಗ್ 1843ರಲ್ಲಿ ಬಂಗಾಳದ ಸಿವಿಲ್ ಸೇವೆಗೆ ಸೇರಿ, ಪಂಜಾಬಿನಲ್ಲಿ ಕೆಲಸ ಮಾಡಿ, ವೈಸ್‌ರಾಯ್ ಕ್ಯಾನಿಂಗರ ಖಾಸಗಿ ಕಾರ್ಯದರ್ಶಿಯಾಗಿದ್ದು, ಬಳಿಕ 1862ರಲ್ಲಿ ಮೈಸೂರಿಗೆ ಬಂದರು. ಬೆಂಗಳೂರಿನ ಅಠಾರಾ ಕಚೇರಿಯ ಕಟ್ಟಡ, ಹೋಬಳಿ ಶಾಲೆಗಳ ಯೋಜನೆ ಇವರ ಕಾಲದವು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆ, 1868ರಲ್ಲಿ ಸ್ಥಾಪನೆಯಾದ ಬೌರಿಂಗ್ ಇನ್‌ಸ್ಟಿಟ್ಯೂಟ್, ಈಗ ಬಂಗಾರಪೇಟೆ ಎಂದು ಕರೆಯುವ ಊರಿಗಿದ್ದ ಬೌರಿಂಗ್‌ಪೇಟೆ ಎಂಬ ಹೆಸರು, ಎಲ್ಲವೂ ಅವರ ನೆನಪಿನವೇ. ನಿವೃತ್ತರಾದ ಮೇಲೆ ಅವರು ಹೈದರಾಲಿ ಮತ್ತು ಟಿಪ್ಪು ಸುಲ್ತಾನರನ್ನು ಕುರಿತು ಬರೆದ ಗ್ರಂಥ 1893ರಲ್ಲಿ ಪ್ರಕಟವಾಯಿತು. ಕನ್ನಡ ನಾಡಿನಲ್ಲಿ ನೆಲೆನಿಂತದ್ದು ತಂದೆಯ ಕಡೆಯ ಹೆಸರು. ತಾಯಿಯ ಕಡೆಯದು ಚರಿತ್ರೆಯ ಪುಸ್ತಕಗಳಲ್ಲಿ ಮಾತ್ರ ಉಳಿಯಿತು.

ಸೋದರ ರೂಪಗಳು

ಯುರೋಪಿನ ಮುಖ್ಯಭೂಮಿಯಲ್ಲಿ ಈ ಹೆಸರಿನ ಚರಿತ್ರೆ ಬೇರೆ ತಿರುವು ಪಡೆಯಿತು. 8ನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ಹೋಗಿ ಇಂದಿನ ನೆದರ್ಲೆಂಡ್ಸಿನ ಡೆವೆಂಟರ್‌ನಲ್ಲಿ ಚರ್ಚು ಕಟ್ಟಿ, ಸುಮಾರು 775ರಲ್ಲಿ ತೀರಿಕೊಂಡ ಧರ್ಮಪ್ರಚಾರಕನೊಬ್ಬನ ಹೆಸರು ಲೆಯೋಫ್‌ವಿನೆಯೇ; ಅಲ್ಲಿ ಅವನು ಸಂತ ಲೆಬುಯಿನಸ್ ಎನಿಸಿಕೊಂಡನು, ಆ ಊರಿನ ದೊಡ್ಡ ಚರ್ಚು ಇಂದಿಗೂ ಅವನ ಹೆಸರಿನಲ್ಲಿದೆ. ತನ್ನ ನಾಡಿನಲ್ಲಿ ಸಿಗದ ಸಂತನ ಆಸರೆ ಹೊರನಾಡಿನಲ್ಲಿ ಸಿಕ್ಕಿದ್ದರಿಂದ ಉತ್ತರ ಜರ್ಮನಿಯಲ್ಲಿ ಲೆವಿನ್ ಎಂಬ ವ್ಯಕ್ತಿನಾಮ ಪೂರ್ತಿ ಬಳಕೆ ತಪ್ಪಲಿಲ್ಲ. ನೆಪೋಲಿಯನ್ನನ ವಿರುದ್ಧ ರಷ್ಯಾದ ಸೇನೆಯನ್ನು ನಡೆಸಿದ ಜರ್ಮನ್ ಮೂಲದ ಸೇನಾಪತಿ ಲೆವಿನ್ ಆಗಸ್ಟ್ ಫಾನ್ ಬೆನ್ನಿಗ್‌ಸೆನ್, 19ನೆಯ ಶತಮಾನದ ಲೇಖಕ ಲೆವಿನ್ ಶ್ಯುಕಿಂಗ್ ಇದಕ್ಕೆ ನಿದರ್ಶನಗಳು. ಥಿಯೊಡೋರ್ ಫಾಂಟಾನೆ 1878ರಲ್ಲಿ ಪ್ರಕಟಿಸಿದ ತನ್ನ ಮೊದಲ ಕಾದಂಬರಿಯ ತರುಣ ನಾಯಕನಿಗೆ ಲೆವಿನ್ ಎಂದೇ ಹೆಸರಿಟ್ಟಿದ್ದಾನೆ.

ಕರ್ನಾಟಕದ ಕರಾವಳಿಯಲ್ಲೂ ಈ ಹೆಸರಿನ ಒಂದು ಅರ್ಧ ಜೀವಂತವಾಗಿದೆ. ಮಂಗಳೂರು, ಉಡುಪಿಗಳ ಕ್ರೈಸ್ತ ಕುಟುಂಬಗಳಲ್ಲಿ ಎಡ್ವಿನ್, ಆಲ್ವಿನ್, ಗಾಡ್ವಿನ್ ಎಂಬ ಹೆಸರುಗಳು ಚಿರಪರಿಚಿತವಾಗಿದ್ದು, ಇವುಗಳ ಕೊನೆಯಲ್ಲಿರುವ ‘ವಿನ್’ ಹಳೆಯ ಇಂಗ್ಲಿಷಿನ ಗೆಳೆಯನೇ ಆಗಿದ್ದಾನೆ.

ಅಪರೂಪವೇ ಉಳಿದುದೇಕೆ

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಜನನಗಳ ಸರ್ಕಾರಿ ನೋಂದಣಿ 1837ರಲ್ಲಿ ಆರಂಭವಾಯಿತು. ಅದಕ್ಕೆ ಮುಂಚೆ 1538ರಿಂದ ಚರ್ಚುಗಳು ನಾಮಕರಣದ ದಾಖಲೆ ಇಡುತ್ತಿದ್ದವು. ಇಂಥ ದಾಖಲೆಗಳ ಕಾಲದುದ್ದಕ್ಕೂ ಲೆವಿನ್ ಎಂಬುದು ಜನಪ್ರಿಯ ಹೆಸರುಗಳ ಸಾಲಿಗೆ ಬಂದದ್ದಿಲ್ಲ. ಈ ಹೆಸರಿನ ಗಮನಾರ್ಹ ವ್ಯಕ್ತಿಗಳೂ ಬೆರಳೆಣಿಕೆಯಷ್ಟು. ಕದ್ದೊಯ್ದ ಮಗುವನ್ನು ನಾಯಿಯೊಂದು ಹುಡುಕಿಕೊಡುವ ಕಥೆಯಿದ್ದು 1905ರಲ್ಲಿ ಬಂದ ‘ರೆಸ್ಕ್ಯೂಡ್ ಬೈ ರೋವರ್’ ಎಂಬ ಮೂಕಿಚಿತ್ರವನ್ನು ನಿರ್ದೇಶಿಸಿದ ಲೆವಿನ್ ಫಿಟ್ಸ್‌ಹ್ಯಾಮನ್ ಅಂಥವರಲ್ಲಿ ಒಬ್ಬರು; ಬೇಡಿಕೆ ಹೆಚ್ಚಿ ಮೂಲ ಫಿಲ್ಮ್ ಸವೆದುಹೋದ ಕಾರಣ ಆ ಚಿತ್ರವನ್ನು ಮತ್ತೆ ಮತ್ತೆ ಚಿತ್ರೀಕರಿಸಬೇಕಾಯಿತು. 2006ರಲ್ಲಿ ಹದಿನೇಳರ ವಯಸ್ಸಿನಲ್ಲೇ ವೇಲ್ಸ್ ಪರವಾಗಿ ಫುಟ್ಬಾಲ್ ಆಡಿದ ಲೆವಿನ್ ನ್ಯಾಟಂಗಾ ಇನ್ನೊಬ್ಬರು.

ಆಲ್ಫ್ರೆಡ್, ಎಡ್ವಿನ್, ಹೆರಾಲ್ಡ್ ಎಂಬ ಹೆಸರುಗಳಿಗೆ 19ನೆಯ ಶತಮಾನದಲ್ಲಿ ಸಿಕ್ಕ ಮರುಹುಟ್ಟು ಇದಕ್ಕೆ ಸಿಗದಿರಲು ಕಾರಣಗಳು ಸ್ಪಷ್ಟವಾಗಿವೆ. ಆ ಮೂರೂ ದೊರೆಗಳ ಹೆಸರುಗಳಾಗಿದ್ದು ಶಾಲೆಯ ಚರಿತ್ರೆಯ ಪಾಠದಲ್ಲಿ ಪ್ರತಿಯೊಂದು ಮಗುವೂ ಓದುವಂಥವು. ಹೇಸ್ಟಿಂಗ್ಸ್‌ನಲ್ಲಿ ಅಣ್ಣನ ಜೊತೆ ಮಡಿದ ತಮ್ಮನು ಆ ಪಾಠದಲ್ಲಿ ಒಂದು ಸಾಲಿಗಿಂತ ಹೆಚ್ಚು ಜಾಗ ಪಡೆಯಲಿಲ್ಲ. ಇದಲ್ಲದೆ ಮನೆತನದ ಹೆಸರಾಗಿ ಉಳಿದದ್ದು ಆ ಮನೆತನದ ಒಡನಾಟವಿದ್ದವರಿಗೆ ಮಾತ್ರ ಅರ್ಥಪೂರ್ಣ. ಸಂಬಂಧವೇ ಇಲ್ಲದವರು ಅದನ್ನು ಆರಿಸಿಕೊಳ್ಳಲು ಪ್ರೇರಣೆಯಿಲ್ಲ. ಹೆಸರನ್ನು ಉಳಿಸಿದ ದಾರಿಯೇ ಅದರ ಹರವಿಗೆ ಮಿತಿಯನ್ನೂ ಹಾಕಿತು.

ಜನಪ್ರಿಯತೆಯೊಂದನ್ನೇ ಅಳತೆಗೋಲಾಗಿ ಹಿಡಿದರೆ ಲೆವಿನ್ ಸೋತ ಹೆಸರೆನಿಸಬಹುದು. ಆದರೆ ಆ ಅಳತೆಗೋಲು ಇಲ್ಲಿ ನ್ಯಾಯವಾದುದಲ್ಲ. ಮದುವೆಯಾದೊಡನೆ ಹೆಣ್ಣು ತನ್ನ ತವರಿನ ಹೆಸರನ್ನು ಬಿಟ್ಟು ಗಂಡನ ಮನೆತನದ ಹೆಸರನ್ನು ಹೊರಬೇಕಾಗಿದ್ದ ಸಮಾಜದಲ್ಲಿ, ಆ ಬಿಟ್ಟ ಹೆಸರನ್ನು ಮಗನಿಗೆ ಇಡುವುದು ತಾಯಿಯ ವಂಶವನ್ನು ಬರಹದಲ್ಲಿ ಉಳಿಸುವ ದೃಢವಾದ ಉಪಾಯವಾಗಿತ್ತು. ಮರಿಯಾ ಲೆವಿನ್ ತನ್ನ ಸಹಿಯಲ್ಲಿ ಕಳೆದುಕೊಂಡ ಹೆಸರು ಮಗನ ಸಹಿಯಲ್ಲಿ, ಮೈಸೂರು ಸಂಸ್ಥಾನದ ಆಡಳಿತ ವರದಿಗಳವರೆಗೆ ಬಂದಿತು. ಆದ್ದರಿಂದ ಇಂಗ್ಲಿಷರ ಅಪರೂಪದ ವ್ಯಕ್ತಿನಾಮವೊಂದು ಎದುರಾದಾಗ ಅದರ ಅರ್ಥವೇನೆಂದು ಕೇಳುವುದರ ಜೊತೆಗೆ, ಅದು ಯಾರ ಕಡೆಯಿಂದ ಬಂದಿತು ಎಂದೂ ಕೇಳಬೇಕು. ಪುರುಷವಂಶವನ್ನಷ್ಟೇ ಬರೆದಿಟ್ಟ ದಾಖಲೆಗಳಲ್ಲಿ ಹೆಣ್ಣುಮಕ್ಕಳ ತವರುಮನೆಗಳ ಚರಿತ್ರೆಯನ್ನು ಹುಡುಕುವವರಿಗೆ ಇಂಥ ಹೆಸರುಗಳು ಬೆಲೆಯುಳ್ಳ ಆಧಾರಗಳಾಗಿವೆ.